ಮೊದಲೇ ಇರೋ ಕಾಯಿಲೆಯ ರೇಟು

ನಮ್ಮ ಯಜಮಾನರು ಕುರಿ ವ್ಯಾಪಾರದವರು. ಹಿರಿಯೂರಿನಿಂದ ಬಬ್ಬೂರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನಾನು ಬ್ಲೌಸು, ಲಂಗ ಹೊಲಿಯುತ್ತೇನೆ, ಹಿತ್ತಲಿನ ದೊಡ್ಡಿಯಲ್ಲಿ ಅವರ ಕುರಿಗಳು ಇರುತ್ತವೆ. ಎರಡು ವರ್ಷದ ಕೆಳಗೆ ಸಂತೆಯಲ್ಲಿ ಒಂದು ಟಗರನ್ನು ಗಾಡಿಗೆ ಹತ್ತಿಸುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರಂತೆ. ಜೊತೆಗಿದ್ದ ವ್ಯಾಪಾರಿಗಳು ಕುರಿಗಳನ್ನು ಇಳಿಸುವುದಕ್ಕೂ ನಿಲ್ಲದೆ, ಅದೇ ಗಾಡಿಯಲ್ಲಿ ಕುರಿಗಳ ನಡುವೆಯೇ ಮಲಗಿಸಿಕೊಂಡು ಚಿತ್ರದುರ್ಗಕ್ಕೆ ಹೊಡೆದುಕೊಂಡು ಹೋದರು. ನಾನು ಹೋಗಿ ನೋಡಿದಾಗ ಅವರ ಅಂಗಿಯ ತುಂಬ ಕುರಿ ಹಿಕ್ಕೆ, ಮೂಗಿಗೆ ಆಮ್ಲಜನಕದ ನಳಿಕೆ. ಮಾರನೇ ದಿನ ಹೃದಯದ ಕಟ್ಟಿದ್ದ ನಾಳಕ್ಕೆ ಸ್ಟಂಟ್ ಎಂಬ ಪುಟ್ಟ ತಂತಿಬಲೆ ಹಾಕಿದರು.

ಬಡವರಿಗೆ ಸರ್ಕಾರದ ಕಾರ್ಡು ಇರುತ್ತದಲ್ಲ ಎಂದು ಕೇಳುವವರಿಗೆ ಉತ್ತರ ಕೊಟ್ಟು ನನಗೆ ಸಾಕಾಗಿದೆ. ಅದಕ್ಕೂ ಮುಂಚೆಯೇ ಕುರಿ ಸಾಗಿಸಲಿಕ್ಕೆಂದು ನಾವು ಒಂದು ಹಳೆಯ ಗೂಡ್ಸ್ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ್ದೆವು. ಗಾಡಿ ಬಂತು, ಬಿಪಿಎಲ್ ಕಾರ್ಡು ಹೋಯಿತು. ಅದರ ಬದಲಿಗೆ ಕೊಟ್ಟ ಎಪಿಎಲ್ ಕಾರ್ಡಿನಲ್ಲಿ ಸಿಕ್ಕಿದ್ದು ಖರ್ಚಿನ ಒಂದು ಚೂರು. ಮಿಕ್ಕಿದ್ದಕ್ಕೆ ದೊಡ್ಡಿ ಅರ್ಧ ಖಾಲಿಯಾಯಿತು. ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುವಾಗಲೇ ನಾನು ತೀರ್ಮಾನ ಮಾಡಿದ್ದೆ: ಇನ್ನೊಂದು ಸಲ ಇಂಥದ್ದು ಬಂದರೆ ನಾವು ಬಿಲ್ಲಿನ ಮುಖ ನೋಡಿ ಮನುಷ್ಯನನ್ನು ಬಿಡುವಂತಾಗಬಾರದು. ಅದಕ್ಕೆ ಆರೋಗ್ಯ ವಿಮೆ ಮಾಡಿಸಲೇಬೇಕು, ಅದರಲ್ಲಿ ಇವರು ಇರಲೇಬೇಕು.

ಮೊದಲು ಹುಡುಕಿದ್ದು ಮಗಳ ಮೊಬೈಲಿನಲ್ಲಿ. ಮಗಳು ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಾಳೆ. ಭಾನುವಾರ ಬಂದವಳು ನನ್ನ ಮಿಷನ್ನಿನ ಪಕ್ಕ ಕೂತು ಒಂದು ಪುಟ ತೆರೆದಳು. ಮೂವರ ವಯಸ್ಸು ಹಾಕಿದ ಕೂಡಲೇ ಕಂಪನಿಗಳು ಸಾಲಾಗಿ ಬಂದು ನಿಂತವು, ಒಂದೊಂದರ ಮುಂದೆ ಒಂದೊಂದು ರೇಟು. ನನಗೆ ಖುಷಿಯಾಯಿತು, ಇಷ್ಟು ಸುಲಭವಾ ಅನ್ನಿಸಿತು. ಆಮೇಲೆ ‘ಮೊದಲೇ ಇರುವ ಕಾಯಿಲೆ’ ಎಂಬ ಪ್ರಶ್ನೆ ಬಂತು. ಮಗಳು ಅಪ್ಪನ ಸಕ್ಕರೆ ಕಾಯಿಲೆಗೆ ಗುರುತು ಹಾಕಿದಳು, ಸಾಲು ಸ್ವಲ್ಪ ಕರಗಿತು. ಹೃದಯಕ್ಕೆ ಗುರುತು ಹಾಕಿದಳು, ಉಳಿದದ್ದು ಎರಡೇ ಕಂಪನಿ. ಅವುಗಳ ಮುಂದೆ ರೇಟೂ ಇರಲಿಲ್ಲ, ‘ನಮ್ಮವರು ಕರೆ ಮಾಡುತ್ತಾರೆ’ ಎಂದಷ್ಟೇ ಇತ್ತು. ಕರೆಗಳೇನೋ ಬಂದವು. ಅಕ್ಕಾ, ಮೇಡಂ ಎಂದು ಜೇನು ಸುರಿಸುತ್ತಿದ್ದವರು ಸ್ಟಂಟ್ ಅಂದ ತಕ್ಷಣ ಆಮೇಲೆ ಮಾತಾಡ್ತೀವಿ ಎಂದು ಇಟ್ಟುಬಿಡುತ್ತಿದ್ದರು. ಒಬ್ಬನಿಗಂತೂ ನಾನೇ ಮುಂಚೆ ಹೇಳಿದೆ, "ಸ್ಟಂಟ್ ಐತಪ್ಪ, ಇಡ್ತೀಯಾ ಹೆಂಗೆ?" ಅವನು ನಿಜಕ್ಕೂ ಇಟ್ಟ.

"ಈ ಮೊಬೈಲಿನೋರು ಮುಖ ನೋಡಲ್ಲ, ಹಂಗಾಗಿ ಹಿಂಗೆ. ಎದುರಿಗೆ ಹೋಗಿ ಕೇಳಾಣ ನಡಿ" ಅಂದರು ಯಜಮಾನರು. ಅವರಿಗೆ ಎದುರುಬದುರು ಕೂತು ಆಡಿದ ಮಾತಿನ ಮೇಲೇ ನಂಬಿಕೆ. ಒಂದೇ ಕಡೆ ಕೇಳಿ ಒಪ್ಪಿಕೊಳ್ಳುವವರೂ ಅಲ್ಲ. ನಾಲ್ಕು ಸಂತೆ ಸುತ್ತಿ ರೇಟು ನೋಡಿಕೊಂಡೇ ಒಂದು ಮರಿ ಕೊಳ್ಳುವ ಮನುಷ್ಯ.

ಮೊದಲು ಹೊಸದುರ್ಗಕ್ಕೆ ಹೋದೆವು. ಅಲ್ಲಿ ನಿವೃತ್ತ ಮೇಷ್ಟ್ರೊಬ್ಬರು ವಿಮೆ ಏಜೆಂಟರಾಗಿದ್ದರು. ತಮ್ಮ ಸಂಬಂಧಿಕರ ಗೊಬ್ಬರದ ಅಂಗಡಿಯ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದರು. ಅಂಗಡಿ ತುಂಬ ಜನ. "ಬರ್ರಿ, ಕುಂತ್ಕಳ್ರಿ" ಎಂದು ಮರ್ಯಾದೆಯಿಂದಲೇ ಕೂರಿಸಿದರು. ನಮ್ಮವರು ಕೂತವರೇ ಹೆಗಲ ಮೇಲಿನ ಟವೆಲ್ಲು ತೆಗೆದು ಮೇಷ್ಟ್ರ ಬಲಗೈ ಮೇಲೆ ಹೊದಿಸಿ, ಅದರ ಕೆಳಗೆ ತಮ್ಮ ಕೈ ಹಾಕಿ ಅವರ ಬೆರಳು ಹಿಡಿದುಬಿಟ್ಟರು.

ಮೇಷ್ಟ್ರು ಹಾವು ಮುಟ್ಟಿದವರ ಹಾಗೆ ಕೈ ಎಳೆದುಕೊಂಡರು. "ಇದೇನ್ರಿ ಯಜಮಾನ್ರೆ, ಕೈ ಯಾಕೆ ಹಿಡ್ಕಂಡ್ರಿ?"

"ರೇಟು ಮಾತಾಡಾಕೆ ಸಾ. ನಾಕು ಜನದ ಮುಂದೆ ಬಾಯಲ್ಲಿ ಹೇಳಾದು ಬ್ಯಾಡ."

ಕುರಿ ಸಂತೆಯಲ್ಲಿ ಹಾಗೇ. ಕೊಳ್ಳುವವನೂ ಮಾರುವವನೂ ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಯಾವ ಬೆರಳು, ಎಷ್ಟು ಬೆರಳು ಎನ್ನುವುದರಲ್ಲೇ ಎಲ್ಲ ಮುಗಿಯುತ್ತದೆ, ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಗೊಬ್ಬರ ಕೊಳ್ಳಲು ಬಂದವರು ಮುಸಿಮುಸಿ ನಕ್ಕರು. ನಾನು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡೆ. ಆದರೆ ಇವರು ಮಾತ್ರ ಗಂಭೀರವಾಗಿ ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡು ತಮ್ಮ ಕುಂದು ಹೇಳಲು ಶುರು ಮಾಡಿದರು. ಬೆಲೆಗೆ ಮೊದಲು ಕುಂದು ಹೇಳುವುದು ಅವರ ಅಪ್ಪನ ಕಾಲದಿಂದ ಬಂದ ರೂಢಿ. ಕಣ್ಣು ಮಂದವೋ, ಕಾಲು ಕುಂಟೋ, ಕೆಮ್ಮೋ, ಎಲ್ಲ ಮೊದಲೇ ಹೇಳಿಬಿಡಬೇಕು.

"ಸಕ್ಕರೆ ಐತೆ. ಎದೆಗೆ ಸ್ಟಂಟ್ ಹಾಕವ್ರೆ. ಎಡಗಾಲು ಒಂದೊಂದ್ಸಲ ಉರಿತೈತೆ. ಹುಡುಗ್ನಾಗಿದ್ದಾಗ ಹುಣಸೆಮರದಿಂದ ಬಿದ್ದು ಭುಜ ತಪ್ಪಿತ್ತು, ಈಗ ಸರಿ ಐತೆ. ದವಡೆ ಹಲ್ಲು ಎರಡು ಹೋಗ್ಯಾವೆ. ಬೇಕಾದ್ರೆ ನೋಡ್ರಿ" ಎಂದು ಬಾಯಿ ತೆರೆಯಲು ಹೊರಟವರನ್ನು ನಾನು ಮೊಣಕೈಯಲ್ಲಿ ತಿವಿದೆ.

ಮೇಷ್ಟ್ರು ಒಳ್ಳೆಯ ಮನುಷ್ಯ, ನಗಲಿಲ್ಲ. ಕಾಯಿಲೆ ಇಲ್ಲದ ಸಂಸಾರಕ್ಕೆ ವರ್ಷಕ್ಕೆ ಎಷ್ಟು, ಇವರನ್ನು ಸೇರಿಸಿಕೊಂಡರೆ ಎಷ್ಟು ಎಂದು ಎರಡನ್ನೂ ಹೇಳಿದರು. ಯಜಮಾನರು ಯಾವ ದುಡ್ಡನ್ನೂ ಕುರಿಯಲ್ಲೇ ಅಳೆಯುವುದು. ಮೊದಲನೆಯದು ಎರಡು ಟಗರಿನ ಬೆಲೆ, ಎರಡನೆಯದು ಐದು ಟಗರಿನ ಬೆಲೆ. ಅವರ ಮುಖ ಕೆಂಪಾಯಿತು.

"ಅಲ್ಲ ಸಾ, ಕುಂದು ಹೇಳಿದ್ ಮ್ಯಾಲೆ ರೇಟು ಇಳೀಬೇಕು. ಏರಾದು ಹೆಂಗೆ?"

"ಅದು ಕುರಿ ಲೆಕ್ಕ ಕಣ್ರಿ. ಇಲ್ಲಿ ಕುಂದು ಇದ್ದಷ್ಟೂ ರೇಟು ಏರ್ತೈತೆ. ಇನ್ನೊಂದು ಮಾತು. ಮೊದ್ಲೇ ಇರೋ ಕಾಯ್ಲೆಗೆ ಕಟ್ಟಿದ್ ದಿನದಿಂದ ಮೂರು ವರ್ಷ ಏನೂ ಸಿಗಲ್ಲ. ಬೇರೆ ಏನಾದ್ರೂ ಆದ್ರೆ ಸಿಗ್ತೈತೆ. ಸಕ್ಕರೆ, ಎದೆ, ಇವೆರಡಕ್ಕೂ ಮೂರು ವರ್ಷ ಕಾಯಬೇಕು."

"ಆ ಮೂರು ವರ್ಷದಾಗೆ ಎದೆಗೇ ಏನಾರ ಆದ್ರೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಕೈಯಿಂದಲೇ ಹಾಕ್ಕಬೇಕು" ಅಂದರು ಮೆಲ್ಲಗೆ.

ಬಸ್ಸಿನಲ್ಲಿ ವಾಪಸು ಬರುವಾಗ ಇವರು ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನೇ ನೋಡುತ್ತಾ ಕೂತಿದ್ದರು. ನನ್ನ ಕಡೆ ತಿರುಗದೆಯೇ, "ಕುಂಟ ಕುರಿಗೆ ರೇಟು ಕಮ್ಮಿ ಆಗ್ತೈತೆ, ಕುಂಟ ಮನುಷ್ಯಂಗೆ ಜಾಸ್ತಿ ಆಗ್ತೈತೆ. ಎರಡ್ರಾಗೂ ಕುಂಟೋನಿಗೇ ಲುಕ್ಸಾನು" ಅಂದರು. ನಗಬೇಕೆಂದು ಹೇಳಿದ್ದಲ್ಲ. ನಾನೂ ನಗಲಿಲ್ಲ.

ಆಮೇಲೆ ಹೋದ ಹೊಳಲ್ಕೆರೆಯ ಏಜೆಂಟು ಬೇರೆ ಥರದವನು. ಮಾರ್ಕೆಟ್ ಯಾರ್ಡಿನ ಹತ್ತಿರ ಮಹಡಿಯ ಮೇಲೊಂದು ಕೋಣೆ, ಕೆಳಗೆಲ್ಲ ಅಡಿಕೆ ಚೀಲ. ಇಸ್ತ್ರಿ ಮಾಡಿದ ಅಂಗಿ, ಬಾಯಿ ತುಂಬ ಮಾತು. ಅವನು ಹೇಳಿದ ರೇಟು ಎಲ್ಲರಿಗಿಂತ ಕಡಿಮೆ, ಎರಡೂವರೆ ಟಗರು. ಹೇಗೆ ಅಂದೆ.

"ಸಕ್ಕರೆ ಒಂದು ಹಾಕಾಣ ಅಕ್ಕಾ. ಸ್ಟಂಟ್ ವಿಷ್ಯ ಯಾಕೆ ಎತ್ತೀರಿ? ಹೊರಗಿಂದ ಕಾಣ್ತೈತಾ?"

ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಹೌದಲ್ಲ, ಎದೆಯೊಳಗಿನ ಇಷ್ಟೇ ಇಷ್ಟು ತಂತಿ ಯಾರಿಗೆ ಕಾಣುತ್ತದೆ ಎಂದುಕೊಂಡು ಇವರ ಮುಖ ನೋಡಿದೆ. ಇವರು ಆಗಲೇ ಎದ್ದು ನಿಂತಿದ್ದರು. "ಕಾಣಲ್ಲ ಅಂತ ಮುಚ್ಚಿಟ್ಟು ಮಾರಿದ್ರೆ ಮತ್ತೆ ಆ ಸಂತೆಗೆ ಕಾಲಿಡಾಕಾಗಲ್ಲಪ್ಪ" ಎಂದು ಮೆಟ್ಟಿಲಿಳಿದರು. ನಾನು ಅವರ ಹಿಂದೆ ಓಡಿದೆ.

ಬಸ್‌ಸ್ಟ್ಯಾಂಡಿನವರೆಗೂ ಬೈದೆ. ಹರಿಶ್ಚಂದ್ರನ ಮೊಮ್ಮಗನಾ ನೀವು ಅಂದೆ. ಅವರು ಒಂದೇ ಮಾತು ಹೇಳಿದರು: "ಲೇ, ಆಸ್ಪತ್ರೆಯಾಗೆ ಮಲಗಿದ್ದಾಗ ಹಳೇ ಚೀಟಿ ಎಲ್ಲಾ ಕೇಳ್ತಾರೆ. ಸ್ಟಂಟ್ ಇತ್ತು ಅಂತ ಗೊತ್ತಾದ್ರೆ ಒಂದು ಪೈಸೆ ಕೊಡಲ್ಲ. ಕಟ್ಟಿದ್ದೂ ಹೋಯ್ತು, ಮಾನಾನೂ ಹೋಯ್ತು. ಆಗ ನೀನು ಯಾರ ಹತ್ರ ಜಗಳ ಆಡ್ತೀಯ? ಆ ಇಸ್ತ್ರಿ ಅಂಗಿಯೋನು ಬರ್ತಾನಾ?" ಮಾತು ಸರಿಯಾಗಿತ್ತು. ಸರಿಯಾದ ಮಾತು ಕೇಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ, ಅದು ನನ್ನ ಗುಣ.

ಹಿರಿಯೂರಿನ ನಮ್ಮ ಬ್ಯಾಂಕಿನಲ್ಲೂ ಕೇಳಿದ್ದಾಯಿತು. ಅಲ್ಲಿ ಖಾತೆದಾರರಿಗೆಲ್ಲ ಸೇರಿ ಒಂದು ಪಾಲಿಸಿ ಇತ್ತು, ರೇಟು ಕೈಗೆಟುಕುವಂತಿತ್ತು, ಆದರೆ ಹೃದಯದ ಆಪರೇಶನ್ ಆದವರನ್ನು ಅದರಲ್ಲಿ ಸೇರಿಸುವುದೇ ಇಲ್ಲವಂತೆ. ಕೊನೆಗೆ ಉಳಿದದ್ದು ಚಿತ್ರದುರ್ಗದ ಒಂದು ವಿಮೆ ಕಚೇರಿ.

ಅಲ್ಲಿದ್ದದ್ದು ಒಬ್ಬ ಹೆಂಗಸು, ನನ್ನ ವಯಸ್ಸಿನವರೇ. ಕುಂದು ಹೇಳುವ ಶಾಸ್ತ್ರವನ್ನು ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ, "ನೋಡಿ ಅಮ್ಮ, ಮೂವರಿಗೂ ಒಟ್ಟಿಗೆ ಮಾಡಿದರೆ ಇವರ ಕಾಯಿಲೆಯಿಂದ ಪೂರ್ತಿ ರೇಟು ಏರುತ್ತೆ. ನಿಮಗೂ ಮಗಳಿಗೂ ಮಾತ್ರ ಮಾಡಿದರೆ ಇದರಲ್ಲಿ ಮೂರನೇ ಒಂದು ಭಾಗ ಸಾಕು. ಯೋಚನೆ ಮಾಡಿ" ಅಂದರು. ಅವರಿಗೇನೂ ನಮ್ಮ ಮೇಲೆ ಹಗೆಯಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಯಜಮಾನರು ಯೋಚನೆ ಮಾಡಲೇ ಇಲ್ಲ. "ಹಂಗಾದ್ರೆ ಅವರಿಬ್ಬರಿಗೂ ಮಾಡ್ರಿ ಮೇಡಮ್ಮರೇ. ನನ್ನ ಬಿಟ್ಟು ಮಾಡ್ರಿ."

ಎಷ್ಟು ಸಲೀಸಾಗಿ ಅಂದರು ಅಂದರೆ, ನನಗೆ ಒಂದು ಕ್ಷಣ ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು. ನಮ್ಮಲ್ಲಿ ಕುರಿಗೂ ವಿಮೆ ಮಾಡಿಸುತ್ತೇವೆ. ದನದ ಡಾಕ್ಟರು ಬಂದು ಒಂದೊಂದನ್ನೇ ಹಿಡಿದು ನೋಡಿ, ಚೆನ್ನಾಗಿರುವುದರ ಕಿವಿಗೆ ವಿಮೆಯ ನಂಬರಿನ ಓಲೆ ಚುಚ್ಚುತ್ತಾರೆ. ಡಾಕ್ಟರು ಬರುವ ಮುಂಚೆ ಇವರು ಕೆಮ್ಮುವುದನ್ನು, ಕುಂಟುವುದನ್ನು ಹಿಂಡಿನಿಂದ ಬೇರೆ ಮಾಡಿ ಹಿತ್ತಲ ಬೇವಿನ ಮರಕ್ಕೆ ಕಟ್ಟುತ್ತಾರೆ. ಅವಕ್ಕೆ ಓಲೆಯಿಲ್ಲ, ವಿಮೆಯಿಲ್ಲ. ಡಾಕ್ಟರು ಹೋಗುವ ತನಕ ಅವು ಹಿಂಡಿನ ಕಡೆಗೆ ಮುಖ ಮಾಡಿಕೊಂಡು ಅರಚುತ್ತಲೇ ಇರುತ್ತವೆ, ಅವಕ್ಕೆ ಸೊಪ್ಪು ಹಾಕುವವಳು ನಾನು. ಈ ಮನುಷ್ಯ ಈಗ ತನ್ನನ್ನು ತಾನೇ ಹಿಡಿದುಕೊಂಡು ಹೋಗಿ ಆ ಮರಕ್ಕೆ ಕಟ್ಟಿಕೊಳ್ಳುತ್ತಿದ್ದರು.

ಮೈಯೆಲ್ಲ ಉರಿದುಹೋಯಿತು. ಕಚೇರಿಯಲ್ಲಿ ಹೇಗೋ ತಡೆದುಕೊಂಡೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಇವರು ಮಂಡಕ್ಕಿ, ಮಿರ್ಚಿ ಕೊಡಿಸಿದರು, ನನ್ನ ಸಿಟ್ಟಿಗೆ ಅವರಿಗೆ ಗೊತ್ತಿರುವ ಮದ್ದು ಅದೊಂದೇ. ನಾನು ಪೊಟ್ಟಣ ಮುಟ್ಟಲಿಲ್ಲ.

"ಯಾರಿಗೋಸ್ಕರ ಊರೂರು ಅಲೆದದ್ದು ನಾನು? ನನಗೇನು ರೋಗ ಬಂದೈತಾ ವಿಮೆ ಮಾಡ್ಸಾಕೆ?"

"ಗುಂಪು ಉಳೀಬೇಕಲ್ಲೇ. ನನ್ನೊಬ್ಬನ ದೆಸೆಯಿಂದ ನಿಮ್ಮಿಬ್ಬರಿಗೂ ಯಾಕೆ ಹೊರೆ?"

"ನೀವಿಲ್ಲದ ಗುಂಪು ಯಾವುದ್ರಿ? ನಾನು ಕುರೀನಾ, ನೀವು ಒಂದು ಕಡೆ ಬಿದ್ದಿದ್ರೆ ಮೇಯ್ಕಂಡಿರಾಕೆ?"

ಅಷ್ಟು ಅನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು. ಬಾಣಲೆಯ ಮುಂದೆ ನಿಂತಿದ್ದ ಮಿರ್ಚಿಯವನು, ಖಾರ ಜಾಸ್ತಿಯಾಯಿತೇನೋ ಎಂದು ನೀರಿನ ಲೋಟ ತಂದುಕೊಟ್ಟ. ನಾನು ಕುಡಿದೆ. ಇವರು ಮಾತ್ರ ಹಿಡಿದ ಹಠ ಬಿಡಲಿಲ್ಲ. ನೀವಿಲ್ಲದಿದ್ದರೆ ನನಗೂ ಬೇಡ ಎಂದು ನಾನೂ ಬಿಡಲಿಲ್ಲ. ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಮಗಳು ಫೋನು ಮಾಡಿ ಇಬ್ಬರಿಗೂ ಬುದ್ಧಿ ಹೇಳಿ ಸೋತಳು. ಕಡೆಗೆ ಅವಳೇ, "ಹೆಂಗೂ ವಿಮೆ ಮಾಡ್ಸಾಕೆ ಅಮ್ಮನ ವಯಸ್ಸಿನೋರಿಗೆ ರಕ್ತಪರೀಕ್ಷೆ ಆಗ್ಲೇಬೇಕಂತೆ, ಮೊದ್ಲು ಅದನ್ನ ಮಾಡ್ಸಿ, ಆಮೇಲೆ ಜಗಳ ಆಡ್ರಿ" ಅಂದಳು. ಅದಕ್ಕೆ ಇಬ್ಬರೂ ಒಪ್ಪಿದೆವು. ನನ್ನ ರಕ್ತ ಕೊಟ್ಟು ಬಂದೆ. ಜ್ವರ ಬಂದರೂ ಮಿಷನ್ ನಿಲ್ಲಿಸಿದವಳಲ್ಲ ನಾನು, ಅದರ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ.

ವಿಮೆ ಕಚೇರಿಯ ಆ ಹೆಂಗಸಿನ ಫೋನು ಒಂದು ಬೆಳಗ್ಗೆ ಬಂತು, ಆಗ ನಾನು ಬ್ಲೌಸಿನ ಬಟ್ಟೆ ಕತ್ತರಿಸುತ್ತಿದ್ದೆ. ಇವರು ಹೊಸ್ತಿಲ ಮೇಲೆ ಕೂತು ಸಕ್ಕರೆಯಿಲ್ಲದ ಟೀ ಕುಡಿಯುತ್ತಿದ್ದರು. ಕೈಯಲ್ಲಿ ಕತ್ತರಿ ಇದ್ದದ್ದರಿಂದ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಅಮ್ಮ, ನಿಮ್ಮ ರಿಪೋರ್ಟ್ ಬಂದಿದೆ. ಗಾಬರಿಯಾಗಬೇಡಿ. ಸಕ್ಕರೆ ತುಂಬಾ ಜಾಸ್ತಿ ಇದೆ. ಈಗ ಬಂದದ್ದಲ್ಲ, ಬಹಳ ದಿನದಿಂದ ಇದ್ದ ಹಾಗಿದೆ. ಕಿಡ್ನಿಯ ಪರೀಕ್ಷೆಯಲ್ಲೂ ಸ್ವಲ್ಪ ವ್ಯತ್ಯಾಸ ಇದೆ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ."

ಸೂಜಿಗೆ ದಾರ ಪೋಣಿಸುವಾಗ ಕಣ್ಣು ಮಂಜಾಗುತ್ತಿತ್ತು, ಅದನ್ನು ವಯಸ್ಸಿನ ಮೇಲೆ ಹಾಕಿದ್ದೆ. ಮಧ್ಯಾಹ್ನದೊಳಗೆ ಒಂದು ಬಿಂದಿಗೆ ನೀರು ಖಾಲಿಯಾಗುತ್ತಿತ್ತು, ಅದನ್ನು ಹಿರಿಯೂರಿನ ಬಿಸಿಲಿನ ಮೇಲೆ ಹಾಕಿದ್ದೆ. ಇವರಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುತ್ತಾ, ಅನ್ನ ಕಡಿಮೆ ಬಡಿಸುತ್ತಾ, ನಾನು ನನ್ನ ತಟ್ಟೆಯ ಕಡೆ ನೋಡಿಯೇ ಇರಲಿಲ್ಲ. ಕತ್ತರಿ ಕೆಳಗಿಟ್ಟೆ.

"ಇನ್ನು ಪಾಲಿಸಿ ವಿಷಯ" ಎಂದು ಆಕೆ ತಡೆದು ತಡೆದು ಹೇಳಿದರು. "ನಿಮ್ಮದೂ ಈಗ ಮೊದಲೇ ಇರೋ ಕಾಯಿಲೆ ಅಂತ ಆಗುತ್ತೆ. ನಿಮ್ಮದೂ ರೇಟು ಏರುತ್ತೆ. ಮಗಳೊಬ್ಬಳಿಗೆ ಆದರೆ ಏನೂ ತೊಂದರೆ ಇಲ್ಲ, ಬಹಳ ಕಡಿಮೆಯಲ್ಲಿ ಆಗಿಹೋಗುತ್ತೆ."

"ಹಂಗಾದ್ರೆ ಮಗಳೊಬ್ಬಳಿಗೆ ಮಾಡಿಬಿಡ್ರಿ ಮೇಡಂ" ಅಂದೆ. "ನನ್ನ ಬಿಟ್ಟು ಮಾಡ್ರಿ."

ನಾನೇ ಅಂದದ್ದು. ಯೋಚನೆ ಮಾಡಿ ಅಂದದ್ದಲ್ಲ, ತಾನಾಗಿ ಬಾಯಿಂದ ಬಂತು. ಅಷ್ಟು ದಿನ ಇದೇ ಮಾತಿಗೆ ಇವರನ್ನು ಮಾತಾಡಿಸದೆ ಸುಟ್ಟಿದ್ದೆ. ಹೇಳುವವರಿಗೆ ಅದು ಎಷ್ಟು ಹಗುರವಾಗಿರುತ್ತದೆ ಎಂದು ಆಗ ಗೊತ್ತಾಯಿತು. ಹೊಸ್ತಿಲ ಕಡೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಈಗ ಮಾತಲ್ಲಿ ಚುಚ್ಚುತ್ತಾರೆ, ಚುಚ್ಚಲಿ, ಅದಕ್ಕೆ ನಾನು ಅರ್ಹಳೇ ಎಂದುಕೊಂಡೆ.

ಇವರು ಟೀ ಲೋಟ ಕೆಳಗಿಟ್ಟು ಎದ್ದು ಬಂದರು. ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಯಿಯ ಹತ್ತಿರ ಹಿಡಿದರು.

"ಮೇಡಮ್ಮರೇ, ನಾನು ಆಕಿ ಯಜಮಾನ. ಆಕಿ ಮಾತು ಕೇಳಬ್ಯಾಡ್ರಿ. ಮೂರೂ ಜನಕ್ಕೂ ಸೇರ್ಸೇ ಮಾಡ್ರಿ. ಯಾರನ್ನೂ ಬಿಡಾಂಗಿಲ್ಲ."

"ರೇಟು ಎಷ್ಟಾಗುತ್ತೆ ಅಂತ ಹೇಳ್ತೀನಿ, ಕೇಳಿಕೊಂಡು..."

"ಎಷ್ಟಾರ ಆಗ್ಲಿ. ಮಾಡ್ರಿ."

"ಇಬ್ಬರಿಗೂ ಮೂರು ವರ್ಷ ಕಾಯಬೇಕಾಗುತ್ತೆ. ಅದು ಗೊತ್ತಿದೆಯಲ್ಲ?"

"ಗೊತ್ತೈತೆ ತಾಯಿ" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ಅದನ್ನು ಆಫ್ ಮಾಡುವುದು ಅವರಿಗೆ ಬರುವುದಿಲ್ಲ.

ಆಮೇಲೆ ನನ್ನ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಕೆಳಗೆ ಬಿದ್ದಿದ್ದ ಬಟ್ಟೆ ಚೂರುಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲಿಟ್ಟರು. ನಮ್ಮ ಮದುವೆಯಾದಾಗಿನಿಂದ ಅವರ ಕಣ್ಣಲ್ಲಿ ನೀರು ನಾನು ಕಂಡಿರಲಿಲ್ಲ, ಸ್ಟಂಟ್ ಹಾಕಿದಾಗಲೂ ಕಂಡಿರಲಿಲ್ಲ.

"ನನ್ನ ಬಿಡ್ರಿ ಅಂತ ಅಂದಾಗ ನನಗೇನೂ ಅನ್ಸಿರ್ಲಿಲ್ಲ ಕಣೆ" ಅಂದರು. "ನೀನು ಅಂದಿದ್ದು ತಡ್ಕಳಾಕಾಗ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿದ್ದಾಗ, ಗಿರಾಕಿಗಳು ಬರುವ ಕೋಣೆಯಲ್ಲಿ ನಾನು ಹಾಗೆ ಮಾಡಿದವಳೇ ಅಲ್ಲ.

"ಮೂರು ವರ್ಷ ಇಬ್ರೂ ಎಲ್ಲಿಗೂ ಹೋಗಾಂಗಿಲ್ಲ" ಅಂದರು ಅವರು.

"ಆಮ್ಯಾಲೆ?" ಅಂದೆ.

ಅವರು ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

"ಆಮ್ಯಾಲೂ ಹೋಗಾಂಗಿಲ್ಲ."